ಫಿಟ್ಸ್‌ ಮಾತ್ರೆ ಫೆನೋಬಾರ್ಬಿಟಾನ್‌: ಯಾರಿಗೆ, ಎಷ್ಟು ದಿನ, ತಟ್ಟನೆ ಬಿಟ್ಟರೆ ಏನಾಗುತ್ತೆ?

ಯಾಪಲದಿನ್ನಿ (ರಾಯಚೂರು): ಮೂರ್ಛೆ ರೋಗಕ್ಕೆ, ಅಂದ್ರೆ ಜನ ಫಿಟ್ಸ್‌ ಅನ್ನೋ ಕಾಯಿಲೆಗೆ, ನೂರು ವರ್ಷಕ್ಕೂ ಮೇಲಿನಿಂದ ಬಳಕೆಯಲ್ಲಿರುವ ಮಾತ್ರೆ ಫೆನೋಬಾರ್ಬಿಟಾನ್‌. ಮೆಡಿಕಲ್‌ ಅಂಗಡಿಗಳಲ್ಲಿ ‘ಗಾರ್ಡಿನಾಲ್‌’ ಎಂಬ ಹೆಸರಿನಲ್ಲೂ ಸಿಗುತ್ತದೆ. ಬೆಲೆ ಕಡಿಮೆ, ದಿನಕ್ಕೆ ಒಂದೇ ಹೊತ್ತು, ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಆದರೆ ‘ಈಗ ಆರಾಮ ಅದ, ಗುಳಿಗಿ ಯಾಕ?’ ಅಂತ ಒಂದು ದಿನ ತಾವೇ ನಿಲ್ಲಿಸಿಬಿಡುವವರು ಬಹಳ. ಈ ಮಾತ್ರೆಯ ವಿಷಯದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್‌ ಕಡೆ ಗುಳೆ ಹೋಗುವ ಕುಟುಂಬಗಳು ರಾಯಚೂರು, ಮಾನ್ವಿ, ದೇವದುರ್ಗ ತಾಲ್ಲೂಕುಗಳಲ್ಲಿ ಸಾಕಷ್ಟಿವೆ. ಊರು ಬದಲಾದಾಗ ಮಾತ್ರೆ ತಪ್ಪುವುದು ಸುಲಭ. ಹಾಗಾಗಿ ರೋಗಿಗಳು, ಮನೆಯವರು, ಅಂಗಡಿಯವರು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಫಿಟ್ಸ್‌ ಅಂದ್ರೆ ಏನು?

ಮಿದುಳಿನ ನರಕೋಶಗಳು ಒಂದಕ್ಕೊಂದು ಸಣ್ಣ ವಿದ್ಯುತ್‌ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಕೆಲವೊಮ್ಮೆ ಈ ಸಂಕೇತಗಳು ಹದ ತಪ್ಪಿ ಒಟ್ಟಿಗೆ ಉಕ್ಕುತ್ತವೆ. ಆಗ ಕೈಕಾಲು ಸೆಟೆದುಕೊಂಡು ಅದುರುವುದು, ಎಚ್ಚರ ತಪ್ಪುವುದು, ಬಾಯಲ್ಲಿ ನೊರೆ, ಬಟ್ಟೆಯಲ್ಲೇ ಮೂತ್ರ ಹೋಗುವುದು ಆಗುತ್ತದೆ. ಇದು ಗಾಳಿ ಸೋಂಕಲ್ಲ, ದೆವ್ವದ ಕಾಟವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹೆರಿಗೆ ವೇಳೆ ಮಗುವಿನ ಮಿದುಳಿಗೆ ಆದ ತೊಂದರೆ, ತಲೆಗೆ ಬಿದ್ದ ಪೆಟ್ಟು, ಮಿದುಳು ಜ್ವರ, ಪಾರ್ಶ್ವವಾಯು ಮುಂತಾದವು ಕಾರಣ ಆಗಬಹುದು. ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ ಮಿದುಳಲ್ಲಿ ಗಂಟು ಕಟ್ಟಿದರೂ ಫಿಟ್ಸ್‌ ಬರುತ್ತದೆ. ತೊಳೆಯದ ಸೊಪ್ಪು ತರಕಾರಿ, ಕೊಳೆ ನೀರಿನಿಂದ ಇದು ಬರುವುದರಿಂದ ಮಾಂಸ ತಿನ್ನದವರಿಗೂ ತಪ್ಪಿದ್ದಲ್ಲ. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ.

ಈ ಕಾಯಿಲೆ ಅಪರೂಪದ್ದೇನಲ್ಲ. ನಿಮ್ಹಾನ್ಸ್‌ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 1 ಲಕ್ಷ ಜನರ ಸಮೀಕ್ಷೆ ಮಾಡಿದಾಗ ನಗರದಲ್ಲಿ 1000ಕ್ಕೆ ಸುಮಾರು 6, ಹಳ್ಳಿಗಳಲ್ಲಿ ಸುಮಾರು 12 ಜನರಲ್ಲಿ ಫಿಟ್ಸ್‌ ಕಂಡುಬಂತು. ಯಳಂದೂರಿನ ಸಮೀಕ್ಷೆಯಲ್ಲಿ ಇದು 1000ಕ್ಕೆ 5ರ ಹತ್ತಿರ ಇತ್ತು. ಈ ಲೆಕ್ಕ ಹಿಡಿದರೆ 5000 ಜನರ ಊರಲ್ಲಿ 25ರಿಂದ 60 ಜನ ಇರುತ್ತಾರೆ. ಕಣ್ಣಿಗೆ ಕಾಣುವವರು ಕಡಿಮೆ, ಯಾಕಂದ್ರೆ ಮನೆಯವರು ಮುಚ್ಚಿಡುತ್ತಾರೆ.

ಮಾತ್ರೆ ಬಂದ ಬಗೆ

1912ರಲ್ಲಿ ಜರ್ಮನಿಯಲ್ಲಿ ಫೆನೋಬಾರ್ಬಿಟಾನ್‌ ನಿದ್ದೆ ಬರಿಸುವ ಔಷಧಿಯಾಗಿ ಮಾರುಕಟ್ಟೆಗೆ ಬಂತು. ಅದೇ ವರ್ಷ ಆಲ್ಫ್ರೆಡ್‌ ಹಾಪ್ಟ್‌ಮನ್‌ ಎಂಬ ಯುವ ವೈದ್ಯರು ತಮ್ಮ ವಾರ್ಡಿನ ಮೂರ್ಛೆ ರೋಗಿಗಳಿಗೆ ರಾತ್ರಿ ನಿದ್ದೆ ಬರಲಿ ಅಂತ ಕೊಟ್ಟರು. ನಿದ್ದೆ ಜತೆಗೆ ಫಿಟ್ಸ್‌ ಕೂಡ ಕಡಿಮೆಯಾಯಿತು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಬ್ರೋಮೈಡ್‌ ಔಷಧಿಗಿಂತ ಇದು ಎಷ್ಟೋ ಮೇಲಾಗಿತ್ತು. 1938ರಲ್ಲಿ ಫೆನಿಟಾಯಿನ್‌, ಆಮೇಲೆ ಕಾರ್ಬಮಜೆಪಿನ್‌, ವಾಲ್‌ಪ್ರೊಯೇಟ್‌, ಲೆವೆಟಿರಾಸಿಟಾಮ್‌ ಬಂದವು. ಹೊಸ ಮಾತ್ರೆಗಳು ಬಂದರೂ ಹಳೆಯದು ಹೋಗಿಲ್ಲ.

ಯಳಂದೂರು, ಬಳ್ಳಾರಿಯಲ್ಲಿ ಕಂಡದ್ದು

‘ಇಷ್ಟು ಅಗ್ಗದ ಗುಳಿಗಿಯಿಂದ ಏನಾಗುತ್ತೆ’ ಅನ್ನುವವರಿಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲೇ ಇದೆ. ಇಂದಿನ ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್‌. ಮಣಿ ಮತ್ತು ಸಂಗಡಿಗರು ಮನೆಮನೆ ಸಮೀಕ್ಷೆ ನಡೆಸಿದರು. ಫಿಟ್ಸ್‌ ಇದ್ದ 135 ಜನರಿಗೆ ಫೆನೋಬಾರ್ಬಿಟಾನ್‌ ಅಥವಾ ಫೆನಿಟಾಯಿನ್‌ ಕೊಟ್ಟು 5 ವರ್ಷ ಬೆನ್ನುಹತ್ತಿ ನೋಡಿಕೊಂಡರು. ಫಲಿತಾಂಶ 2001ರಲ್ಲಿ ‘ಲ್ಯಾನ್ಸೆಟ್‌’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದೊಡ್ಡ ಯಂತ್ರಗಳಿಲ್ಲದ ಹಳ್ಳಿಯಲ್ಲೇ, ಈ ಎರಡು ಹಳೆಯ ಅಗ್ಗದ ಮಾತ್ರೆಗಳಿಂದಲೇ ಬಹಳಷ್ಟು ಜನರ ಫಿಟ್ಸ್‌ ಹತೋಟಿಗೆ ಬಂತು. ಫಿಟ್ಸ್‌ ಬಹಳ ಸಲ ಬಂದು ಹೋದ ಮೇಲೆ ಮಾತ್ರೆ ಶುರು ಮಾಡಿದವರಿಗಿಂತ ಬೇಗ ಶುರು ಮಾಡಿದವರಲ್ಲಿ ಗುಣ ಹೆಚ್ಚು ಕಂಡಿತು.

ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲೇ ನಿಮ್ಹಾನ್ಸ್‌ ಒಂದು ಪ್ರಯೋಗ ಶುರು ಮಾಡಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೂ ಫಿಟ್ಸ್‌ಗೂ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿದರು. ಅಲ್ಲಿಗೆ ಪೂರೈಸಿದ ಕೆಲವೇ ಔಷಧಿಗಳಲ್ಲಿ ಫೆನೋಬಾರ್ಬಿಟಾನ್‌ ಕೂಡ ಒಂದು. ಈ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ ಆಯಿತು.

ಎರಡೂ ಕಡೆ ಕಂಡ ಸತ್ಯ ಒಂದೇ. ಮಾತ್ರೆ ಹೊಸದೋ ಹಳೆಯದೋ ಅನ್ನುವುದಕ್ಕಿಂತ, ಅದು ಊರ ಹತ್ತಿರ ತಪ್ಪದೆ ಸಿಗಬೇಕು, ರೋಗಿ ತಪ್ಪದೆ ನುಂಗಬೇಕು.

ಯಾರಿಗೆ ಕೊಡುತ್ತಾರೆ? ಯಾರಿಗೆ ಬೇಡ?

ಇಡೀ ಮೈ ಸೆಟೆದು ಅದುರುವ ಫಿಟ್ಸ್‌ಗೆ, ಮೈಯ ಒಂದು ಭಾಗದಲ್ಲಿ ಶುರುವಾಗುವ ಫಿಟ್ಸ್‌ಗೆ ಫೆನೋಬಾರ್ಬಿಟಾನ್‌ ಕೊಡುತ್ತಾರೆ. ಹುಟ್ಟಿದ ಕೂಸಿಗೆ ಫಿಟ್ಸ್‌ ಬಂದರೆ ಆಸ್ಪತ್ರೆಯಲ್ಲಿ ಮೊದಲು ಕೊಡುವ ಇಂಜೆಕ್ಷನ್‌ ಸಾಮಾನ್ಯವಾಗಿ ಇದೇ.

ಎಲ್ಲ ಬಗೆಯ ಫಿಟ್ಸ್‌ಗೂ ಇದು ನಡೆಯುವುದಿಲ್ಲ. ಮಗು ಕೆಲವು ಸೆಕೆಂಡು ಸುಮ್ಮನೆ ಒಂದೇ ಕಡೆ ನೋಡುತ್ತಾ ನಿಂತು ಮತ್ತೆ ಸರಿಯಾಗುವ ಬಗೆಗೆ ಬೇರೆ ಮಾತ್ರೆ ಬೇಕು. ಜ್ವರ ಏರಿದಾಗ ಮಾತ್ರ ಬರುವ ಫಿಟ್ಸ್‌ಗೆ ಬಹುತೇಕ ಮಕ್ಕಳಿಗೆ ದಿನವೂ ಮಾತ್ರೆ ಬೇಕಾಗಲ್ಲ. ತಲೆ ಮೇಲೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಬರುವ ಒಂದು ಬಗೆಯೂ ಕರ್ನಾಟಕದಲ್ಲಿ, ಅದರಲ್ಲೂ ದಕ್ಷಿಣದ ಜಿಲ್ಲೆಗಳಲ್ಲಿ, ಹೆಚ್ಚು ಕಂಡಿದೆ. ಅವರಿಗೆ ಉಗುರು ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ ಅನ್ನುತ್ತಾರೆ. ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ತಾಸು ಮೊದಲು ನುಂಗುವ ಕ್ಲೋಬಜಾಮ್‌ ಮಾತ್ರೆಯೇ ಸಾಕಾಗುತ್ತದೆ. ಹೀಗಾಗಿ ಫಿಟ್ಸ್‌ ಹೇಗೆ ಬಂತು ಅಂತ ಕಣ್ಣಾರೆ ನೋಡಿದವರು ರೋಗಿ ಜತೆ ಡಾಕ್ಟರ್‌ ಹತ್ತಿರ ಹೋಗಬೇಕು. ಮೊಬೈಲ್‌ನಲ್ಲಿ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು.

ಶಾಲೆ ಮಕ್ಕಳಿಗೆ, ಮುಂದೆ ಗರ್ಭಿಣಿ ಆಗಬಹುದಾದ ಹೆಣ್ಣುಮಕ್ಕಳಿಗೆ, ಲಿವರ್‌ ಅಥವಾ ಉಸಿರಾಟದ ಗಂಭೀರ ತೊಂದರೆ ಇರುವವರಿಗೆ ಸಾಧ್ಯವಾದರೆ ಬೇರೆ ಮಾತ್ರೆ ನೋಡುತ್ತಾರೆ. ಪಾರ್ಫೈರಿಯಾ ಎಂಬ ಅಪರೂಪದ ಕಾಯಿಲೆ ಇರುವವರಿಗೆ ಇದನ್ನು ಕೊಡಲೇಬಾರದು.

ನಿಧಾನಕ್ಕೆ ಏರುತ್ತೆ, ನಿಧಾನಕ್ಕೆ ಇಳಿಯುತ್ತೆ

ಮಾತ್ರೆ 30 ಮತ್ತು 60 ಮಿಲಿಗ್ರಾಂಗಳಲ್ಲಿ ಬರುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ರಾತ್ರಿ ಒಂದು ಹೊತ್ತು 60 ಮಿಲಿಗ್ರಾಂನಿಂದ ಶುರು ಮಾಡಿ, ಬೇಕಾದರೆ ಏರಿಸುತ್ತಾರೆ. 180 ಮಿಲಿಗ್ರಾಂ ದಾಟುವುದು ಕಡಿಮೆ. ಮಕ್ಕಳಿಗೆ ತೂಕ ನೋಡಿ ಲೆಕ್ಕ ಹಾಕುತ್ತಾರೆ. ಡೋಸ್‌ ಹೇಳುವುದು ಡಾಕ್ಟರ್‌ ಕೆಲಸ, ಪಕ್ಕದ ಮನೆಯವರ ಚೀಟಿ ನೋಡಿ ತೆಗೆದುಕೊಳ್ಳುವಂಥದ್ದಲ್ಲ.

ಈ ಮಾತ್ರೆಯ ಒಂದು ಗುಣ ತಿಳಿದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ನುಂಗಿದ ಔಷಧಿಯಲ್ಲಿ ಅರ್ಧ ಮೈಯಿಂದ ಹೊರಹೋಗಲು ದೊಡ್ಡವರಲ್ಲಿ 3ರಿಂದ 4 ದಿನ ಬೇಕು. ಇದರಿಂದ ಜನ ಎರಡು ಸಲ ಮೋಸ ಹೋಗುತ್ತಾರೆ.

ಮೊದಲನೆಯದು ಶುರುವಿನಲ್ಲಿ. ರಕ್ತದಲ್ಲಿ ಔಷಧಿ ಒಂದು ಮಟ್ಟಕ್ಕೆ ಬಂದು ನಿಲ್ಲಲು 2ರಿಂದ 3 ವಾರ ಹಿಡಿಯುತ್ತದೆ. ಮೊದಲ ವಾರ ಮತ್ತೆ ಫಿಟ್ಸ್‌ ಬಂದರೆ ‘ಈ ಗುಳಿಗಿ ಹತ್ತಲಿಲ್ಲ’ ಅಂತ ಬಿಟ್ಟುಬಿಡುತ್ತಾರೆ. ಅದು ಇನ್ನೂ ಕೆಲಸ ಶುರು ಮಾಡಿರುವುದೇ ಇಲ್ಲ.

ಎರಡನೆಯದು ಬಿಡುವಾಗ. ಮಾತ್ರೆ ನಿಲ್ಲಿಸಿದ ಮರುದಿನ ಏನೂ ಆಗಲ್ಲ, ಮೂರನೇ ದಿನವೂ ಆರಾಮ. ‘ನೋಡ್ರಿ, ಬಿಟ್ರೂ ಏನೂ ಆಗಲಿಲ್ಲ’ ಅನ್ನುತ್ತಾರೆ. ಒಳಗೆ ಔಷಧಿ ಇಳಿಯುತ್ತಾ ಇರುತ್ತದೆ. ಒಂದು ವಾರವೋ ಹತ್ತು ದಿನವೋ ಆದ ಮೇಲೆ ಫಿಟ್ಸ್‌ ಬರುತ್ತದೆ. ಆಗ ಅಮಾವಾಸ್ಯೆ, ದೃಷ್ಟಿ, ಗಾಳಿ ಅಂತ ಬೇರೆ ಕಾರಣ ಹುಡುಕುತ್ತಾರೆ. ವಾರದ ಹಿಂದೆ ಮಾತ್ರೆ ಬಿಟ್ಟದ್ದು ಯಾರಿಗೂ ನೆನಪಾಗಲ್ಲ.

ತಟ್ಟನೆ ಬಿಟ್ಟರೆ

ವರ್ಷಗಟ್ಟಲೆ ಈ ಮಾತ್ರೆಗೆ ಹೊಂದಿಕೊಂಡ ಮಿದುಳು ಅದು ಇಲ್ಲದೆ ಹೋದಾಗ ಒಮ್ಮೆಲೇ ಕೆರಳುತ್ತದೆ. ಮೊದಲು ಬರುತ್ತಿದ್ದದ್ದಕ್ಕಿಂತ ಜೋರಾಗಿ, ಒಂದರ ಹಿಂದೆ ಒಂದು ಫಿಟ್ಸ್‌ ಬರಬಹುದು. 5 ನಿಮಿಷ ಮೀರಿ ನಿಲ್ಲದ ಫಿಟ್ಸ್‌, ಅಥವಾ ನಡುವೆ ಎಚ್ಚರವೇ ಬಾರದೆ ಮರುಕಳಿಸುವ ಫಿಟ್ಸ್‌ ಜೀವಕ್ಕೆ ಕುತ್ತು ತರುತ್ತದೆ. ಉಳಿದರೂ ಮಿದುಳಿಗೆ ಪೆಟ್ಟಾಗಬಹುದು.

ಹಾಗಾದರೆ ಜೀವನ ಪೂರ್ತಿ ನುಂಗಬೇಕಾ? ಎಲ್ಲರಿಗೂ ಹಾಗಿಲ್ಲ. ಕನಿಷ್ಠ 2 ವರ್ಷ ಒಂದೂ ಫಿಟ್ಸ್‌ ಬಾರದಿದ್ದರೆ, ಕಾಯಿಲೆಯ ಬಗೆ ನೋಡಿ ಡಾಕ್ಟರ್‌ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸುತ್ತಾರೆ. ಕೆಲವರಿಗೆ ಮಾತ್ರ ಕೊನೆತನಕ ಬೇಕಾಗುತ್ತದೆ.

ಒಂದು ರಾತ್ರಿ ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಆ ಹೊತ್ತಿನದನ್ನಷ್ಟೇ ನುಂಗಿ, ಎರಡೂ ಸೇರಿಸಿ ಬೇಡ. ಹಲವು ದಿನ ತಪ್ಪಿದ್ದರೆ ಡಾಕ್ಟರ್‌ಗೆ ತಿಳಿಸಿ.

ಗುಳೆ ಹೋಗುವವರು ಗಮನಿಸಿ

* ಊರು ಬಿಡುವ ಮುಂಚೆ ಆಸ್ಪತ್ರೆಗೆ ಹೋಗಿ, ಎಷ್ಟು ತಿಂಗಳು ಹೊರಗೆ ಇರುತ್ತೀರಿ ಅಂತ ಹೇಳಿ ಅಷ್ಟಕ್ಕೆ ಮಾತ್ರೆ ಕೇಳಿ.
* ಚೀಟಿ ಜತೆಗೇ ಇರಲಿ, ಅದರ ಫೋಟೊ ಮೊಬೈಲ್‌ನಲ್ಲೂ ಇರಲಿ. ಇದು ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿ. ಚೀಟಿ ಇಲ್ಲದೆ ಮೆಡಿಕಲ್‌ನವರು ಕೊಡುವಂತಿಲ್ಲ.
* ಖಾಲಿ ಆಗುವ ತನಕ ಕಾಯಬೇಡಿ. ಇನ್ನೂ 10 ದಿನದ ಮಾತ್ರೆ ಇರುವಾಗಲೇ ಹುಡುಕಲು ಶುರು ಮಾಡಿ. ಸಣ್ಣ ಊರಿನ ಅಂಗಡಿಯಲ್ಲಿ ಯಾವಾಗಲೂ ಸಿಗದೇ ಹೋಗಬಹುದು.
* ಅದು ಸಿಗಲಿಲ್ಲ ಅಂತ ಬೇರೆ ಯಾವುದೋ ಫಿಟ್ಸ್‌ ಮಾತ್ರೆ ತೆಗೆದುಕೊಳ್ಳಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ.
* ಜತೆಗೆ ಕೆಲಸ ಮಾಡುವ ಒಬ್ಬರಿಗಾದರೂ ವಿಷಯ ಗೊತ್ತಿರಲಿ.

ಅಡ್ಡ ಪರಿಣಾಮ

ಮೊದಲ ಕೆಲವು ವಾರ ಮಂಪರು, ತೂಕಡಿಕೆ ಸಾಮಾನ್ಯ, ಆಮೇಲೆ ಬಹಳಷ್ಟು ಜನರಿಗೆ ಕಡಿಮೆಯಾಗುತ್ತದೆ. ಮಕ್ಕಳಲ್ಲಿ ಉಲ್ಟಾ ಆಗುವುದೂ ಉಂಟು: ಹಟ, ಚಂಚಲತೆ, ಓದಿನಲ್ಲಿ ಗಮನ ಇಲ್ಲದಿರುವುದು. ಇಂಥದ್ದು ಕಂಡರೆ ಮಗುವಿಗೆ ಬೈಯುವ ಬದಲು ಡಾಕ್ಟರ್‌ಗೆ ಹೇಳಿ, ಮಾತ್ರೆ ಬದಲಿಸಬಹುದು. ವರ್ಷಗಟ್ಟಲೆ ತೆಗೆದುಕೊಂಡರೆ ಮೂಳೆ ಸವೆಯಬಹುದು, ವಿಟಮಿನ್‌ ಡಿ ಕಡಿಮೆ ಆಗಬಹುದು.

ಮೈಮೇಲೆ ದದ್ದು, ಬಾಯಿ ಅಥವಾ ಕಣ್ಣಲ್ಲಿ ಹುಣ್ಣು, ಜತೆಗೆ ಜ್ವರ ಬಂದರೆ, ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೆಚ್ಚು ಮಾತ್ರೆ ಒಟ್ಟಿಗೆ ನುಂಗಿದರೆ ಉಸಿರೇ ನಿಲ್ಲಬಹುದು. ಆದ್ದರಿಂದ ಡಬ್ಬಿ ಮಕ್ಕಳ ಕೈಗೆ ಸಿಗದ ಕಡೆ ಇರಲಿ.

ಸೇಂದಿ, ಮದ್ಯದ ಜತೆ ಬೇಡವೇ ಬೇಡ

ಗಡಿ ಭಾಗದಲ್ಲಿ ಇದು ಸಣ್ಣ ವಿಷಯ ಅಲ್ಲ. ಮದ್ಯವೂ ಈ ಮಾತ್ರೆಯೂ ಮಿದುಳನ್ನು ಮಂಕಾಗಿಸುತ್ತವೆ, ಎರಡೂ ಸೇರಿದರೆ ಉಸಿರಾಟಕ್ಕೆ ಅಪಾಯ. ಸಿಎಚ್‌ ಪೌಡರ್‌ ಬೆರೆಸಿದ ಕಲಬೆರಕೆ ಸೇಂದಿ ಇನ್ನೂ ಕೆಟ್ಟದ್ದು. ಆ ಪೌಡರ್‌ ಅಂದ್ರೆ ಕ್ಲೋರಲ್‌ ಹೈಡ್ರೇಟ್‌, ಅದೂ ನಿದ್ದೆ ಬರಿಸುವ ರಾಸಾಯನಿಕವೇ. ದಿನಾ ಕುಡಿಯುವವರು ಅದನ್ನು ತಟ್ಟನೆ ಬಿಟ್ಟರೂ ಕೆಲವೇ ದಿನದಲ್ಲಿ ಕೈ ನಡುಕ, ಬಡಬಡಿಕೆ, ಫಿಟ್ಸ್‌ ಬರಬಹುದು. ಕುಡಿತ ಬಿಡುವುದು ಒಳ್ಳೆಯದೇ, ಆದರೆ ಆಸ್ಪತ್ರೆಯ ಸಹಾಯದಲ್ಲಿ ಬಿಡಬೇಕು.

ನಿದ್ದೆಗೆಡುವುದೂ ಫಿಟ್ಸ್‌ ಬರಿಸುತ್ತದೆ. ಜಾತ್ರೆ, ಉರುಸು, ಮೊಹರಂ, ರಾತ್ರಿ ಭಜನೆ ಇದ್ದಾಗ ಜಾಗರಣೆ ಬೇಡ. ರಂಜಾನ್‌ ಉಪವಾಸ ಇರುವವರು ರಾತ್ರಿ ಹೊತ್ತಿನ ಡೋಸ್‌ ತಪ್ಪಿಸಬಾರದು.

ಈ ಮಾತ್ರೆ ಲಿವರ್‌ನ ಕೆಲಸ ಚುರುಕು ಮಾಡಿ ಬೇರೆ ಔಷಧಿಗಳ ಬಲ ಇಳಿಸುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್‌, ಕೆಲವು ಎಚ್‌ಐವಿ ಔಷಧಿಗಳು, ಡಾಕ್ಸಿಸೈಕ್ಲಿನ್‌ ಅಂಥವುಗಳಲ್ಲಿ ಸೇರಿವೆ. ಯಾವ ಕಾಯಿಲೆಗೆ ಹೋದರೂ ‘ಫಿಟ್ಸ್‌ ಮಾತ್ರೆ ತಗೋತೀನಿ’ ಅಂತ ಮೊದಲೇ ಹೇಳಬೇಕು.

ಹೆಣ್ಣುಮಕ್ಕಳು ತಿಳಿದಿರಬೇಕಾದ್ದು

ಇದನ್ನು ನುಂಗುವವರಲ್ಲಿ ಮಾಲಾ-ಎನ್‌ನಂಥ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾಪರ್‌-ಟಿಗೆ ಆ ತೊಂದರೆ ಇಲ್ಲ.

ಗರ್ಭದಲ್ಲಿನ ಮಗುವಿಗೆ ಅಂಗದೋಷದ ಅಪಾಯ ಫೆನೋಬಾರ್ಬಿಟಾನ್‌ನಿಂದಲೂ ಸ್ವಲ್ಪ ಇದೆ. ವಾಲ್‌ಪ್ರೊಯೇಟ್‌ನಿಂದ ಇನ್ನೂ ಹೆಚ್ಚು, ಸುಮಾರು 10ರಲ್ಲಿ 1 ಮಗುವಿಗೆ. ಆದರೆ ಬಸಿರಾದ ವಿಷಯ ಗೊತ್ತಾದ ಕೂಡಲೇ ಹೆದರಿ ಮಾತ್ರೆ ಬಿಟ್ಟರೆ ಜೋರು ಫಿಟ್ಸ್‌ ಬಂದು ತಾಯಿ ಮಗು ಇಬ್ಬರಿಗೂ ಅಪಾಯ. ಮದುವೆ ನಿಶ್ಚಯವಾದಾಗಲೇ, ಮಗು ಬೇಕು ಅಂದುಕೊಳ್ಳುವ ಮೊದಲೇ ಡಾಕ್ಟರ್‌ ಹತ್ತಿರ ಮಾತಾಡುವುದು ಸರಿಯಾದ ದಾರಿ. ಮಾತ್ರೆ ಬದಲಿಸಬೇಕಾ ಅಂತ ಅವರು ನೋಡುತ್ತಾರೆ, ಫೋಲಿಕ್‌ ಆಸಿಡ್‌ ಶುರು ಮಾಡಿಸುತ್ತಾರೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಕೂಸಿಗೆ ವಿಟಮಿನ್‌ ಕೆ ಇಂಜೆಕ್ಷನ್‌ ಬೇಕು.

ಅಂಗಡಿ ಮುಂದೆ ಯಾರಿಗಾದರೂ ಫಿಟ್ಸ್‌ ಬಂದರೆ

* ಗಡಿಯಾರ ನೋಡಿಕೊಳ್ಳಿ. ಬಹುತೇಕ ಫಿಟ್ಸ್‌ 2-3 ನಿಮಿಷದಲ್ಲಿ ತಾನೇ ನಿಲ್ಲುತ್ತದೆ.
* ಕಲ್ಲು, ಗಾಜು, ಒಲೆ, ವಾಹನ ದೂರ ಮಾಡಿ. ತಲೆ ಕೆಳಗೆ ಟವೆಲ್‌ ಮಡಿಸಿ ಇಡಿ. ಕೊರಳ ಗುಂಡಿ ಸಡಿಲಿಸಿ.
* ಅದುರುವುದು ನಿಂತ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹೋಗಲಿ.
* ಕೈಗೆ ಕೀಲಿಕೈ ಕೊಡುವುದು, ಉಳ್ಳಾಗಡ್ಡಿ ಅಥವಾ ಚಪ್ಪಲಿ ಮೂಸಿಸುವುದರಿಂದ ಏನೂ ಆಗಲ್ಲ. ಕೀಲಿ ಕೊಟ್ಟಾಗ ನಿಂತಿತು ಅನಿಸುವುದು ಅದು ತಾನೇ ನಿಲ್ಲುವ ಹೊತ್ತಾಗಿದ್ದಕ್ಕೆ.
* ಬಾಯಲ್ಲಿ ಚಮಚ, ಬಟ್ಟೆ, ಬೆರಳು ಇಡಬೇಡಿ. ಪೂರ್ತಿ ಎಚ್ಚರ ಬರುವ ತನಕ ನೀರು, ಮಾತ್ರೆ ಬೇಡ. ಕೈಕಾಲು ಒತ್ತಿ ಹಿಡಿಯಬೇಡಿ.
* 5 ನಿಮಿಷ ದಾಟಿದರೆ, ಮತ್ತೆ ಬಂದರೆ, ಗರ್ಭಿಣಿ ಆಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಮೊದಲ ಸಲ ಬಂದಿದ್ದರೆ 108ಕ್ಕೆ ಫೋನ್‌ ಮಾಡಿ.

ಕೆಲಸ, ಮದುವೆ

ಮಾತ್ರೆಯಿಂದ ಹತೋಟಿಯಲ್ಲಿ ಇರುವವರು ಓದಬಹುದು, ಅಂಗಡಿ ನಡೆಸಬಹುದು, ಹೊಲದ ಕೆಲಸ ಮಾಡಬಹುದು. ಬಾವಿ, ಕಾಲುವೆ, ಹೊಳೆಗೆ ಒಬ್ಬರೇ ಇಳಿಯುವುದು, ಎತ್ತರ ಹತ್ತುವುದು, ರೊಟ್ಟಿ ಬಡಿಯುವ ಒಲೆ ಮುಂದೆ ಒಬ್ಬರೇ ಕೂರುವುದು ಬೇಡ. ಡ್ರೈವಿಂಗ್‌ ಲೈಸೆನ್ಸ್‌ ಅರ್ಜಿಯ ಫಾರಂ 1ರಲ್ಲೇ ಫಿಟ್ಸ್‌ ಇದೆಯಾ ಎಂಬ ಪ್ರಶ್ನೆ ಇದೆ, ಮುಚ್ಚಿಟ್ಟು ಟ್ರ್ಯಾಕ್ಟರ್‌, ಬೈಕ್‌ ಓಡಿಸುವುದು ತಮಗೂ ಎದುರಿನವರಿಗೂ ಅಪಾಯ.

ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗುವ ಕಾರಣಗಳಲ್ಲಿ ಮೂರ್ಛೆ ರೋಗವೂ ಇತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಗಿದೆ. ಕಾನೂನಿನಲ್ಲಿ ಅಡ್ಡಿ ಇಲ್ಲ, ಮನೆಗಳಲ್ಲಿ ಇನ್ನೂ ಇದೆ. ಹೇಳದೆ ಮದುವೆ ಮಾಡಿದಾಗ ಹೊಸ ಮನೆಯಲ್ಲಿ ಯಾರಾದರೂ ನೋಡಿಯಾರು ಅಂತ ಮಾತ್ರೆ ಬಚ್ಚಿಡುವುದು, ಆಮೇಲೆ ಬಿಟ್ಟೇಬಿಡುವುದು ಆಗುತ್ತದೆ. ಮೊದಲೇ ಹೇಳಿ ಮಾಡಿದ ಮದುವೆಯಲ್ಲಿ ಮಾತ್ರೆ ಎಲ್ಲರೆದುರು ನುಂಗಬಹುದು.

ಎಲ್ಲಿ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಬೇಕಾದರೆ ರಾಯಚೂರಿನ ರಿಮ್ಸ್‌ ಬೋಧಕ ಆಸ್ಪತ್ರೆಗೆ ಕಳಿಸುತ್ತಾರೆ. ಆಶಾ ಕಾರ್ಯಕರ್ತೆಯರಿಗೆ ಹೇಳಿದರೆ ದಾರಿ ತೋರಿಸುತ್ತಾರೆ. ಸಲಹೆಗೆ 104 ಆರೋಗ್ಯ ಸಹಾಯವಾಣಿ ಇದೆ. ಗುಡಿ, ದರ್ಗಾಕ್ಕೆ ಹರಕೆ ಹೊರುವುದು, ತಾಯತ ಕಟ್ಟಿಸುವುದು ಅವರವರ ನಂಬಿಕೆ. ಅದರ ಜತೆ ರಾತ್ರಿಯ ಮಾತ್ರೆಯೂ ನಡೆಯಲಿ. ತಾಯತ ಕಟ್ಟಿಸಿದ ದಿನವೇ ಮಾತ್ರೆ ಬಿಟ್ಟರೆ, ಮುಂದಿನ ಫಿಟ್ಸ್‌ಗೆ ಒಂದು ವಾರವೂ ಬೇಕಾಗದೇ ಇರಬಹುದು.